ಮುದಿ ನೀರುಕೋಳಿಯ ಬಾಲ್ಯ

ಕೆರೆಯ ಜೊಂಡಿನೊಳಗೆ ಮುದಿ ನೀರುಕೋಳಿಯೊಂದು ಮಗಳ ಗೂಡಿನಲ್ಲಿ ವಾಸವಾಗಿತ್ತು. ಮಗಳು ತನ್ನ ಮರಿಗಳನ್ನು ಗೂಡು ಬಿಟ್ಟು ಒಂದು ಮಾರು ದೂರಕ್ಕೂ ಹೋಗಗೊಡುತ್ತಿರಲಿಲ್ಲ. ಮುದುಕಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ನಮ್ಮನ್ನು ಯಾರು ಕಾಯುತ್ತಿದ್ದರೇ? ಬೆಳಗಾದರೆ ಅಣ್ಣಂದಿರು, ಅಕ್ಕಂದಿರು, ನಾನು ನೀರಿಗಿಳಿಯುತ್ತಿದ್ದೆವು. ಇಡೀ ಕೆರೆಯೇ ನಮ್ಮದು. ನಮಗೇನಾಯಿತು?" ಎಂದಳು.

"ನಾನು ಒಬ್ಬ ಸೋದರಮಾವನ ಮುಖವನ್ನೂ ನೋಡಿಲ್ಲವಲ್ಲ, ಅವ್ವಾ. ಅವರೆಲ್ಲ ಎಲ್ಲಿ?" ಎಂದು ಮಗಳು ಕೇಳಿದಳು.

ಮುದುಕಿ ನಕ್ಕಳು. "ದೊಡ್ಡಣ್ಣ ಮಹಾ ಧೈರ್ಯಗಾರ. ಬಯಲಿಗೆ ಹೋಗಿದ್ದಾಗ ಗಿಡುಗ ಎತ್ತಿಕೊಂಡು ಹೋಯಿತು. ಅಕ್ಕಂದಿರಿಬ್ಬರೂ ತೂಬಿನ ಹತ್ತಿರ ಈಜುತ್ತಿದ್ದರು, ನೀರು ಎಳೆದುಕೊಂಡಿತು. ಚಿಕ್ಕಣ್ಣನನ್ನು ಹಾವು..."

ಅವಳ ಮಾತು ಅಲ್ಲಿಗೇ ನಿಂತಿತು. ಆ ದಿನಗಳ ಕಥೆಯನ್ನು ಅವಳು ಎಷ್ಟೋ ಸಲ ಹೇಳಿದ್ದಳು. ಅದರಲ್ಲಿದ್ದವರ ಪೈಕಿ ಯಾರು ಗೂಡಿಗೆ ಮರಳಿದರೆಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.

"ಆಗ ನಿನ್ನ ಅವ್ವ ಏನು ಮಾಡುತ್ತಿದ್ದಳು?" ಎಂದು ಮಗಳು ಮೆಲ್ಲಗೆ ಕೇಳಿದಳು.

ಮುದುಕಿ ದಡದತ್ತ ತಿರುಗಿದಳು.

"ಸಂಜೆಯಾದರೆ ದಡದಲ್ಲಿ ನಿಂತು ಕೂಗುತ್ತಿದ್ದಳು. ಕೊನೆಗೆ ಓಗೊಡುವವಳು ನಾನೊಬ್ಬಳೇ ಉಳಿದೆ. ಆಮೇಲೂ ಅವಳು ಎಲ್ಲರ ಹೆಸರನ್ನೂ ಕೂಗುತ್ತಿದ್ದಳು."