ಆವಿಗೆಯ ಏಳನೆಯ ಪಾಲು

ದಾಸೋಹದ ಉಸ್ತುವಾರಿ ಹೊತ್ತಿದ್ದ ಶಿಷ್ಯನೊಬ್ಬ ಒಂದು ಬೆಳಿಗ್ಗೆ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಕೈಗುಣ ಎಂಬುದು ನಿಜವೇ? ನಮ್ಮ ಅಡುಗೆಮನೆಯಲ್ಲಿ ಆರು ಮಂದಿ ಬಾಣಸಿಗರಿದ್ದಾರೆ. ಎಲ್ಲರಿಗೂ ಅದೇ ಅಕ್ಕಿ, ಅದೇ ನೀರು, ಅದೇ ಸೌದೆ. ಒಬ್ಬನ ಅನ್ನ ಮಾತ್ರ ಮೇಲಿಂದ ಮೇಲೆ ಸೀಯುತ್ತದೆ. ಅವನ ಕೈಗುಣವೇ ಸರಿಯಿಲ್ಲ ಎನ್ನುತ್ತಾರೆ. ಅವನನ್ನು ಬಿಡಿಸಿಬಿಡಲೇ?"

ಗುರುಗಳು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕುಳಿತುಕೋ ಎಂದು ಕೈಸನ್ನೆ ಮಾಡಿ, ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಏಳು ಮನೆಯ ಕುಂಬಾರ ಕೇರಿ ಇತ್ತು. ಏಳು ಮನೆಗೂ ಸೇರಿ ಒಂದೇ ಆವಿಗೆ. ಮಡಕೆ ಸುಡುವ ಆ ದುಂಡನೆಯ ಗೂಡನ್ನು ಅವರ ಮುತ್ತಾತಂದಿರು ಕೆರೆಯ ದಂಡೆಯ ಮೇಲೆ ಕಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಯೂ ನಲವತ್ತು ಮಡಕೆ ತಂದು ಅದರಲ್ಲಿ ಜೋಡಿಸಬೇಕು. ಜೋಡಿಸುವುದಕ್ಕೊಂದು ಕಟ್ಟಳೆ ಇತ್ತು. ಪೂರ್ವದ ಪಾಲು ಕೇರಿಯ ಹಿರಿಯ ಮನೆಗೆ. ಅಲ್ಲಿಂದ ಪ್ರದಕ್ಷಿಣೆಯಾಗಿ, ಯಾರು ಯಾರ ನಂತರ ಕೇರಿಯಲ್ಲಿ ಒಲೆ ಹೂಡಿದರೋ ಆ ಕ್ರಮದಲ್ಲಿ ಉಳಿದವರಿಗೆ. ಎಲ್ಲರಿಗಿಂತ ಕೊನೆಗೆ ಬಂದವನಿಗೆ ಸುತ್ತು ಮುಗಿಯುವ ಕಡೆ, ಅಂದರೆ ಹಿರಿಯ ಮನೆಯ ಪಾಲಿಗೆ ಅಂಟಿಕೊಂಡೇ ಇದ್ದ ಏಳನೆಯ ಪಾಲು.

ಹಿರಿಯ ಮನೆಯ ಯಜಮಾನನೇ ಕೇರಿಗೂ ಯಜಮಾನ. ಎಪ್ಪತ್ತರ ಹತ್ತಿರದ ಮುದುಕ. ಆವಿಗೆ ಆರಿದ ಮೇಲೆ ಒಂದೊಂದು ಮಡಕೆಯನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಅವನ ಕೆಲಸ. ಗಟ್ಟಿ ಮಡಕೆ ಠಣ್ಣೆನ್ನುತ್ತದೆ. ಬಿರುಕು ಬಿಟ್ಟದ್ದು ನೆಗಡಿ ಬಂದವರ ಹಾಗೆ ಮಾತಾಡುತ್ತದೆ. ಅವನ ಕಿವಿ ತಪ್ಪಿದ್ದೇ ಇಲ್ಲ. ಅವನ ಮಡಕೆಗಳ ಅಂದಕ್ಕೂ ಬಾಳಿಕೆಗೂ ಸಾಟಿ ಇರಲಿಲ್ಲ. ಆವಿಗೆಯಲ್ಲಿ ಮಾತ್ರ ನಲವತ್ತರಲ್ಲಿ ಎರಡೋ ಮೂರೋ ಒಡೆಯುತ್ತಿದ್ದವು. ಯಾರ ಕಣ್ಣು ತಾಗಿತೋ ಎಂದು ಅವನು ಅವನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಹಿರಿಯನ ಕೈಗುಣ ಎಂದರೆ ಸುತ್ತ ಹತ್ತು ಹಳ್ಳಿಗೆ ಹೆಸರು, ಮುದುಕನಿಗೂ ಅದರ ಮೇಲೆ ಒಂದಿಷ್ಟು ಜಂಬ.

ಏಳನೆಯ ಮನೆಯವನು ಬೇರೆ ಊರಿನಿಂದ ಬಂದವನು. ಕೇರಿಯ ಹುಡುಗಿಯನ್ನು ಮದುವೆಯಾಗಿ, ಇಲ್ಲೇ ಬೇರೆ ಮನೆ ಮಾಡಿ ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ಹೂಡಿದ್ದ. ತಿಗರಿಯ ಮೇಲೆ ಅವನು ಮಡಕೆ ಎತ್ತುವುದನ್ನು ನೋಡಿದರೆ ಕಣ್ಣಿಗೆ ಹಬ್ಬ. ಸುಟ್ಟ ಮೇಲೆ ನೋಡಿದರೆ ನಲವತ್ತರಲ್ಲಿ ಎಂಟು ಬಿರುಕು, ಒಂಬತ್ತು ಬಿರುಕು. ನಾಲ್ಕು ವರ್ಷ ಹೀಗೇ ನಡೆಯಿತು. ಮೊದಲು ಹೆಂಗಸರು ಮುಸಿಮುಸಿ ನಕ್ಕರು. ಆಮೇಲೆ ಗಂಡಸರು ಎದುರಿಗೇ ಆಡಿದರು. ಕೊನೆಗೆ ಯಜಮಾನ ಕೇರಿ ಕೂಡಿಸಿ ಹೇಳಿದ: ಇವನ ಕೈ ಮಣ್ಣಿಗೆ ಒಗ್ಗುವುದಿಲ್ಲ, ತಿಗರಿ ಬಿಡಲಿ, ಮಣ್ಣು ಅಗೆಯುವ ಕೆಲಸಕ್ಕೆ ಹೋಗಲಿ. ಕುಂಬಾರನಿಂದ ತಿಗರಿ ಕಿತ್ತುಕೊಂಡ ಮೇಲೆ ಅವನಲ್ಲಿ ಉಳಿಯುವುದೇನು? ಆ ಮನುಷ್ಯ ತಲೆ ತಗ್ಗಿಸಿ ನಿಂತಿದ್ದ. ನಾಲ್ಕು ವರ್ಷದಲ್ಲಿ ಅವನೂ ಆ ಮಾತನ್ನು ನಂಬಿಬಿಟ್ಟಿದ್ದ.

ನಂಬದೆ ಉಳಿದವಳು ಅವನ ಹೆಂಡತಿ ಸಾತವ್ವ. ಅವಳು ಯಜಮಾನನ ಮುಂದೆ ಬಂದು ನಿಂತಳು.

"ದೊಡ್ಡಪ್ಪಾ, ಇನ್ನು ಐದು ಸಲ ಆವಿಗೆ ಉರಿಯೋವರೆಗೂ ತಡೀರಿ. ಆಮೇಲೂ ನಮ್ಮೋರ ಕೈಯೇ ಕೆಟ್ಟದ್ದು ಅಂತ ಕಂಡ್ರೆ, ತಿಗರೀನ ನಾನೇ ಹೊತ್ತು ತಂದು ನಿಮ್ಮ ಜಗಲಿ ಮೇಲೆ ಇಡ್ತೀನಿ."

"ನಾಲ್ಕು ವರ್ಷ ಎಲ್ರೂ ನೋಡಿರೋದು ಐದು ಸಲದಲ್ಲಿ ಬದಲಾಗ್ತದಾ ತಾಯಿ?" ಎಂದ ಮುದುಕ. ಆದರೂ ಒಪ್ಪಿದ. ಅವನಿಗೆ ಕನಿಕರವಿತ್ತು, ಸೋಲುವ ಭಯ ಇರಲಿಲ್ಲ.

ಸಾತವ್ವ ತನ್ನ ಅಂಗಳವನ್ನು ಸಾರಿಸಿ ಮೂರು ಕಡೆ ರಂಗೋಲಿ ಎಳೆದಳು. ಒಂದು ಕಡೆ ಎರಡು ಚೌಕದ ಮನೆ: ಕೆರೆಯ ಮಣ್ಣಿನ ಮಡಕೆಗೊಂದು, ಹಳ್ಳದ ಮಣ್ಣಿನದಕ್ಕೊಂದು. ಇನ್ನೊಂದು ಕಡೆ ಮೂರು ಮನೆ: ದೊಡ್ಡ ಮಡಕೆ, ನಡುವಿನದು, ಚಿಕ್ಕದು. ಮೂರನೆಯ ಕಡೆ ಆವಿಗೆಯಷ್ಟೇ ದುಂಡಗೆ ಒಂದು ವೃತ್ತ, ಅದರೊಳಗೆ ಏಳು ಪಾಲು. ಆವಿಗೆ ಬಿಚ್ಚಿದಾಗಲೆಲ್ಲ ಅವಳು ಪಕ್ಕದಲ್ಲಿ ನಿಂತಳು. ಯಾವ ಮಡಕೆ ಬಿರುಕು ಎಂದು ಯಜಮಾನ ಪಕ್ಕಕ್ಕಿಟ್ಟನೋ, ಅದಕ್ಕೆ ಮೂರು ಹುಣಸೆ ಬೀಜ. ಮಣ್ಣು ಯಾವುದೋ ಅಲ್ಲೊಂದು, ಗಾತ್ರ ಯಾವುದೋ ಅಲ್ಲೊಂದು, ಆವಿಗೆಯಲ್ಲಿ ಅದು ಎಲ್ಲಿ ಕುಳಿತಿತ್ತೋ ವೃತ್ತದಲ್ಲಿ ಸರಿಯಾಗಿ ಆ ಜಾಗದಲ್ಲೊಂದು. ತನ್ನ ಗಂಡನ ಮಡಕೆಗೂ ಬೀಜ, ಯಜಮಾನನ ಮಡಕೆಗೂ ಬೀಜ. ಗಂಡನದೆಂದು ಒಂದನ್ನೂ ಮುಚ್ಚಿಡಲಿಲ್ಲ.

ಕೇರಿಯವರಿಗೆ ಅದೊಂದು ತಮಾಷೆಯಾಯಿತು. ಗಂಡನ ತಿಗರಿ ಉಳಿಸುವುದಕ್ಕೆ ಇವಳು ಅಳಗುಳಿ ಮನೆ ಆಡುತ್ತಿದ್ದಾಳೆ ಎಂದರು.

ಐದನೆಯ ಸಲ ಆವಿಗೆ ಬಿಚ್ಚಿದ ದಿನ ಯಜಮಾನ ತೀರ್ಪು ಹೇಳಲೆಂದೇ ಸಾತವ್ವನ ಅಂಗಳಕ್ಕೆ ಬಂದ. ನಡುಹಗಲು. ಅವನು ಮೊದಲು ಮಣ್ಣಿನ ಬಗೆಯ ಎರಡು ಮನೆಗಳನ್ನು ನೋಡಿದ. ಎರಡರಲ್ಲೂ ಹೆಚ್ಚುಕಡಿಮೆ ಸಮಸಮ. ಗಾತ್ರದ ಮೂರು ಮನೆಗಳೂ ಹಾಗೆಯೇ. ನಕ್ಕು ವೃತ್ತದ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ.

ವೃತ್ತದೊಳಗೆ ಎಪ್ಪತ್ತು ಬೀಜಗಳಿದ್ದವು. ಹದಿನೇಳು ಅಲ್ಲೊಂದು ಇಲ್ಲೊಂದು ಚೆಲ್ಲಿಕೊಂಡಿದ್ದವು. ಉಳಿದ ಐವತ್ತಮೂರೂ ಒಂದೇ ಕಡೆ, ಕೆರೆಯ ದಿಕ್ಕಿಗೆ, ಒಂದು ಮೊರ ಮುಚ್ಚಿದರೆ ಮರೆಯಾಗುವಷ್ಟು ಜಾಗದಲ್ಲಿ ಗುಡ್ಡೆಯಾಗಿದ್ದವು. ಯಾರೋ ಬೇಕೆಂದೇ ರಾಶಿ ಹಾಕಿದಂತಿತ್ತು. ಆದರೆ ಯಾರೂ ಹಾಕಿರಲಿಲ್ಲ. ಬಡಿದು, ಕೇಳಿ, ಒಂದೊಂದನ್ನೂ ಪಕ್ಕಕ್ಕಿಟ್ಟವನು ಅವನೇ. ಐದು ಸಲವೂ ತನ್ನ ಬೆರಳೇ ಈ ಗುಡ್ಡೆಯನ್ನು ಕಟ್ಟಿತ್ತು, ತನಗೇ ತಿಳಿಯದೆ. ಐವತ್ತು ವರ್ಷ ದಿನವೂ ನೋಡಿದ ಆವಿಗೆ ಇವತ್ತು ಮೊದಲ ಸಲ ಬಾಯಿಬಿಟ್ಟು ಮಾತಾಡಿತು ಎಂದು ಅವನಿಗೆ ಅನಿಸಿತು.

ಅವನು ಬಗ್ಗಿ ಇನ್ನೂ ಹತ್ತಿರದಿಂದ ನೋಡಿದ. ಗುಡ್ಡೆಯ ಬಹುಪಾಲು ಏಳನೆಯ ಪಾಲಿನಲ್ಲಿತ್ತು, ನಿಜ. ಆದರೆ ಏಳನೆಯ ಪಾಲಿನಲ್ಲೇ ಕೆರೆಯಿಂದ ದೂರ, ಒಳಬದಿಗೆ ಒಂದು ಬೀಜವೂ ಇರಲಿಲ್ಲ. ಅಲ್ಲಿದ್ದದ್ದೂ ಏಳನೆಯ ಮನೆಯ ಅದೇ ಕಿರಿಯವನ ಮಡಕೆಗಳೇ. ಇತ್ತ ಗುಡ್ಡೆಯ ಅಂಚು ಗೆರೆ ದಾಟಿ ಪಕ್ಕದ ಪಾಲಿಗೂ ಹರಡಿತ್ತು. ಆ ಪಾಲು ಅವನದೇ. ಕಣ್ಣು ತಾಗಿತೆಂದು ಅವನು ಎಸೆದ ಮಡಕೆಗಳೆಲ್ಲ ಆ ಗೆರೆಯ ಪಕ್ಕದಲ್ಲೇ ಕುಳಿತಿದ್ದವು. ಬಿರುಕಿಗೆ ಮನೆಗಳ ಗಡಿ ಗೊತ್ತಿರಲಿಲ್ಲ.

"ಈ ಚೆಲ್ಲಿರೋ ಬೀಜ ಇವೆಯಲ್ಲ ದೊಡ್ಡಪ್ಪಾ, ಇವು ಎಲ್ರ ಮನೇಲೂ ಇರೋವು. ಇವಕ್ಕೆ ಯಾರನ್ನೂ ಬೈಯೋಕಾಗಲ್ಲ," ಎಂದಳು ಸಾತವ್ವ. "ಈ ಗುಡ್ಡೆ ಬೇರೆ. ನಾಲ್ಕು ವರ್ಷ ಎಲ್ರೂ ಯಾರದು ಒಡೀತು ಅಂತ ಕೇಳಿದ್ರಿ. ಎಲ್ಲಿ ಒಡೀತು ಅಂತ ಯಾರೂ ಕೇಳಲಿಲ್ಲ. ನಾವು ಒಲೆ ಹೂಡೋಕೆ ಮುಂಚೆ ಈ ಜಾಗ ಯಾರದಾಗಿತ್ತು?"

ಮುದುಕ ಹಿಂದಿನದನ್ನು ನೆನೆದ. ಕಿರಿಯವನಿಗಿಂತ ಮುಂಚೆ ಅಲ್ಲಿ ಇನ್ನೊಬ್ಬ ಕುಂಬಾರನಿದ್ದ. ಅವನದೂ ಕೆಟ್ಟ ಕೈ ಎಂದು ಕೇರಿ ಆಡಿಕೊಂಡಿತ್ತು. ಅವನು ಮಡಕೆ ಬಿಟ್ಟು ಇಟ್ಟಿಗೆ ಕೊಯ್ಯಲು ಹೋದ. ಅವನಿಗೂ ಮುಂಚೆ ಅಲ್ಲಿದ್ದವನು ಯಜಮಾನನ ಒಡಹುಟ್ಟಿದ ತಮ್ಮ. ಮನೆ ಪಾಲಾದಾಗ ಬೇರೆ ಒಲೆ ಹೂಡಿದ್ದರಿಂದ, ಕಟ್ಟಳೆಯ ಪ್ರಕಾರ ಅವನೇ ಆಗ ಕೇರಿಗೆ ಎಲ್ಲರಿಗಿಂತ ಕಿರಿಯ. ಒಂದೇ ತಂದೆಗೆ ಹುಟ್ಟಿ, ಒಂದೇ ತಿಗರಿಯ ಮೇಲೆ ಕೈ ತಿದ್ದಿಕೊಂಡು ಇವನಿಗೆ ಮಾತ್ರ ಹೀಗೇಕೆ ಎಂದು ಅಣ್ಣನೇ ಎಲ್ಲರೆದುರು ಹಂಗಿಸಿದ್ದ. ಹತ್ತೊಂಬತ್ತು ವರ್ಷದ ಹಿಂದೆ ತಮ್ಮ ಕೇರಿ ಬಿಟ್ಟು ಹೋದ.

ಮುದುಕ ಅಂಗಳದಲ್ಲೇ ಕುಳಿತ. ಹುಣಸೆ ಬೀಜಗಳಿಗೆ ಕೈಮುಗಿದ.

ಆದರೂ ಅವನು ಕುಂಬಾರ. ಬಡಿದು ನೋಡದೆ ಯಾವುದನ್ನೂ ಗಟ್ಟಿ ಎನ್ನುವವನಲ್ಲ. ಮುಂದಿನ ಸಲ ಆವಿಗೆ ಜೋಡಿಸುವಾಗ ತನ್ನ ನಲವತ್ತು ಮಡಕೆಗಳನ್ನು ತಾನೇ ಹೊತ್ತು ಏಳನೆಯ ಪಾಲಿನಲ್ಲಿಟ್ಟ. ಕಿರಿಯವನ ಮಡಕೆಗಳನ್ನು ಪೂರ್ವದಲ್ಲಿಡಿಸಿದ. ಕಟ್ಟಳೆ ಮುರಿಯಿತೆಂದು ಕೇರಿ ಗೊಣಗಿತು. ಆವಿಗೆ ಉರಿದು ಆರಿತು. ಯಜಮಾನ ಒಂದೊಂದನ್ನೇ ಬಡಿದ. ಪೂರ್ವದಲ್ಲಿದ್ದ ಕಿರಿಯವನ ಮಡಕೆಗಳಲ್ಲಿ ಒಡೆದದ್ದು ಮೂರು. ಏಳನೆಯ ಪಾಲಿನಲ್ಲಿದ್ದ ತನ್ನವು, ಹತ್ತು ಹಳ್ಳಿ ಹೊಗಳಿದ ಕೈಯವು, ಒಂಬತ್ತು. ಒಂಬತ್ತನೆಯದನ್ನು ಪಕ್ಕಕ್ಕಿಡುವಾಗ ಅವನು ನಗುತ್ತಿದ್ದ, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು.

ಆಮೇಲೆ ಎಲ್ಲರೂ ಸೇರಿ ಆವಿಗೆಯ ಆ ಬದಿಯನ್ನು ಕೆದಕಿ ನೋಡಿದರು. ಕೆರೆಯ ಮೇಲಿಂದ ಬೀಸುವ ಗಾಳಿಗೆ ಅಲ್ಲಿನ ಗೋಡೆ ಸವೆದು ತೆಳುವಾಗಿ ಅಲ್ಲಲ್ಲಿ ಸಂದು ಬಿಟ್ಟಿತ್ತು. ಕಾದ ಮಡಕೆಗಳಿಗೆ ತಣ್ಣನೆಯ ಗಾಳಿ ನೇರವಾಗಿ ತಾಗುತ್ತಿತ್ತು. ಗೋಡೆಗೆ ಮಣ್ಣು ಮೆತ್ತಿ ದಪ್ಪ ಮಾಡಿದರು, ಗಾಳಿಗೆ ಅಡ್ಡವಾಗಿ ಇನ್ನೊಂದು ಗೋಡೆ ಎಬ್ಬಿಸಿದರು. ಸಲಕ್ಕೆ ಹದಿನಾಲ್ಕು ಒಡೆಯುತ್ತಿದ್ದಲ್ಲಿ ನಾಲ್ಕಕ್ಕೆ ಇಳಿಯಿತು. ಆ ನಾಲ್ಕು ಈಗಲೂ ಎಲ್ಲಿಯೋ ಒಂದು ಕಡೆ ಒಡೆಯುತ್ತವೆ. ಅದಕ್ಕಾಗಿ ಅಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಕಿರಿಯವನ ತಿಗರಿ ಅವನ ಮನೆಯಲ್ಲೇ ಉಳಿಯಿತು.

ಯಜಮಾನ ಮೂರು ದಿನ ನಡೆದು ತಮ್ಮನಿದ್ದ ಪೇಟೆಗೆ ಹೋದ. ತಮ್ಮ ಧಾನ್ಯದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅಣ್ಣ ಅವನ ಮುಂದೆ ನಿಂತು, ತಪ್ಪು ನಿನ್ನ ಕೈಯಲ್ಲಿ ಇರಲಿಲ್ಲ ಕಣೋ ಎಂದ. ನಡೆದದ್ದನ್ನೆಲ್ಲ ಹೇಳಿದ. ತಮ್ಮ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಮೂಟೆ ಹೊತ್ತು ಹೊತ್ತು ಬೆರಳುಗಳು ಬಾಗದಷ್ಟು ಗಡುಸಾಗಿದ್ದವು. ಅವನು ಕೇರಿಗೆ ಮರಳಲಿಲ್ಲ.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಶಿಷ್ಯ ಕೇಳಿದ: "ಹಾಗಾದರೆ ನಮ್ಮ ಬಾಣಸಿಗನನ್ನು ಏನು ಮಾಡಲಿ, ಗುರುಗಳೇ?"

"ಅವನು ದಿನವೂ ಯಾವ ಒಲೆಯ ಮುಂದೆ ನಿಲ್ಲುತ್ತಾನೆ?" ಎಂದರು ಗುರುಗಳು.

ಶಿಷ್ಯನಿಗೆ ಗೊತ್ತಿರಲಿಲ್ಲ.