ಎರಡು ಸಾವಿರದ ಐನೂರ ಇಪ್ಪತ್ತು ಎಳೆ

"ಬುದ್ಧೀ, ಒಂಬತ್ತು ಜನ ಹೊಂದಿಕೊಂಡಿದ್ದೇವೆ. ಹತ್ತನೆಯವನೊಬ್ಬನಿಗಾಗಿ ಮಠದ ಕಟ್ಟಳೆಯನ್ನೇ ಬದಲಿಸುವುದುಂಟೇ? ಅವನನ್ನು ಕಳುಹಿಸಿಬಿಡಬಾರದೇ?" ಎಂದು ಹಿರಿಯ ಶಿಷ್ಯ ಅಡವಯ್ಯ ಗುರುಗಳನ್ನು ಕೇಳಿದ.

ಹತ್ತನೆಯವನು, ಕುರಿ ಕಾಯುವುದನ್ನು ಬಿಟ್ಟು ಬಂದ ನಡುವಯಸ್ಸಿನ ನಿಂಗಪ್ಪ. ಪಾಠಕ್ಕೆ ಕದಲದೆ ಕೂರಬೇಕೆಂಬುದು ಮಠದ ಕಟ್ಟಳೆ; ಅವನೋ ನಡುವೆ ಎದ್ದು ಓಡಾಡುತ್ತಿದ್ದ. ನಡೆಯದೆ ಅವನಿಗೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಅವನ ಗಂಟು ಆಗಲೇ ಬಾಗಿಲ ಬಳಿ ಇತ್ತು.

"ಅವಸರವೇನು ಅಡವಯ್ಯ, ಕುಳಿತುಕೋ," ಎಂದು ಗುರುಗಳು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ನಿನ್ನ ಹಾಗೆಯೇ ಲೆಕ್ಕದಲ್ಲಿ ಗಟ್ಟಿಗ. ಊರಿನ ಹತ್ತು ಮನೆತನಗಳ ಮದುವೆ ಬಟ್ಟೆಯೆಲ್ಲ ಅವನ ಮಗ್ಗದ್ದೇ. ಪ್ರತಿ ಮನೆತನಕ್ಕೂ ತನ್ನದೇ ಪಟ್ಟೆ: ಒಬ್ಬರದು ಒಂದೆಳೆಯದು, ಇನ್ನೊಬ್ಬರದು ಎರಡೆಳೆಯದು, ಹೀಗೆ ಹತ್ತೆಳೆಯವರೆಗೆ. ಬಟ್ಟೆಯ ಅಗಲಕ್ಕೂ ಅದೇ ಪಟ್ಟೆ ಮತ್ತೆ ಮತ್ತೆ ಬಂದು ಅಂಚಿಗೆ ಸರಿಯಾಗಿ ಮುಗಿಯಬೇಕು. ಅರ್ಧಕ್ಕೆ ತುಂಡಾದರೆ ಅಪಶಕುನ. ಒಟ್ಟು ಎಳೆ ಎಣಿಸಿದರೆ ಯಾರ ಬಟ್ಟೆಯಲ್ಲೂ ಇನ್ನೊಬ್ಬರದಕ್ಕಿಂತ ಒಂದೆಳೆ ಹೆಚ್ಚಿರಬಾರದು, ಕಡಿಮೆಯೂ ಇರಬಾರದು. ಅದು ಊರಿನ ಕಟ್ಟು.

ನೇಕಾರ ಮಗ್ಗಕ್ಕೆ ಮುನ್ನೂರ ಅರುವತ್ತು ಉದ್ದೆಳೆಗಳ ಹಾಸು ಹೂಡುತ್ತಿದ್ದ. ಹೆಗಲಿಗೆ ಹೊದೆಯುವಷ್ಟು ಅಗಲ. ಎಂಥ ಸಂಖ್ಯೆ ಅದು, ಅಡವಯ್ಯ! ನಾಲ್ಕರಿಂದ ಭಾಗಿಸು, ಎಂಟರಿಂದ ಭಾಗಿಸು, ಒಂಬತ್ತರಿಂದ ಭಾಗಿಸು, ಏನೂ ಉಳಿಯದು. ಒಂಬತ್ತು ಮನೆಗಳಿಗೆ ಸರಿಹೋಯಿತು. ಏಳೆಳೆಯ ಮನೆಗೆ ಮಾತ್ರ ಮೂರೆಳೆ ಉಳಿದುಬಿಡುತ್ತಿತ್ತು. ಆ ಮನೆಯ ಹೆಣ್ಣುಮಕ್ಕಳು ಪಕ್ಕದ ಮನೆಯ ಪಟ್ಟೆ ಹೊದ್ದು ಹಸೆಗೇರುತ್ತಿದ್ದರು.

ಒಂದು ದಿನ ಆ ಮನೆಯ ತಾಯಿ ಬಂದಳು. "ಅಣ್ಣಾ, ಬರುವ ತಿಂಗಳು ಮಗಳ ಮದುವೆ. ಅವಳಾದರೂ ನಮ್ಮ ಪಟ್ಟೆ ಹೊದೆಯಲಿ."

"ಏನು ಮಾಡಲಿ ತಾಯಿ, ನಿಮ್ಮ ಏಳೆಳೆ ನನ್ನ ಹಾಸಿನ ಲೆಕ್ಕಕ್ಕೆ ಕೂಡದು," ಎಂದ ನೇಕಾರ. ಆಕೆ ಕಣ್ಣೊರೆಸಿಕೊಂಡು ಹೋದಳು. ಅಂದು ಅವನಿಗೆ ಅನ್ನ ಸೇರಲಿಲ್ಲ.

ಉಳಿದವರದು ಕೆಡಬಾರದು, ಏಳೂ ಕೂಡಬೇಕು. ಮುನ್ನೂರ ಅರುವತ್ತನ್ನು ಇಮ್ಮಡಿ ಮಾಡಿದ; ಆರೆಳೆ ಉಳಿಯಿತು. ಮುಮ್ಮಡಿ ಮಾಡಿದ, ಎರಡು. ನಾಲ್ಕು ಪಟ್ಟಿಗೆ ಐದು. ಐದು ಪಟ್ಟಿಗೆ ಒಂದೇ ಒಂದು ಉಳಿದಾಗ ಅಯ್ಯೋ ಎಂದು ಹಣೆ ಬಡಿದುಕೊಂಡ. ಆರಕ್ಕೆ ನಾಲ್ಕು. ಬಿಡಲಿಲ್ಲ, ಏಳು ಪಟ್ಟು ಮಾಡಿದ: ಎರಡು ಸಾವಿರದ ಐನೂರ ಇಪ್ಪತ್ತು. ಏನೂ ಉಳಿಯಲಿಲ್ಲ! ಒಂದರಿಂದ ಹತ್ತರವರೆಗೆ ಎಲ್ಲರೂ ಅದರೊಳಗೆ ಕೂತರು. ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದೂ ಅಷ್ಟು ಜನಕ್ಕೆ ಜಾಗ ಕೊಡದು. ನೇಕಾರ ಆ ಸಂಖ್ಯೆಗೆ ಕೈಮುಗಿದ.

ದಪ್ಪ ನೂಲು ಬಿಟ್ಟು ಸಣ್ಣ ನೂಲು ಹಿಡಿದ. ಮಗ್ಗ ಬಿಚ್ಚಿ ಅಗಲ ಮಾಡಿದ. ಆ ಮಗಳು ತನ್ನ ಮನೆಯ ಪಟ್ಟೆಯನ್ನೇ ಉಟ್ಟು ಹಸೆಗೇರಿದಳು. ಅಂದಿನಿಂದ ಹತ್ತೂ ಮನೆಯ ಹೆಣ್ಣುಮಕ್ಕಳಿಗೆ ಹೆಗಲ ಬಟ್ಟೆಯ ಬದಲು ಮೈತುಂಬ ಸೀರೆ ಬಂತು.

"ಒಂದು ಮನೆಗಾಗಿ ಅಷ್ಟು ದೊಡ್ಡ ಮಗ್ಗವೇ, ಬುದ್ಧೀ?" ಎಂದ ಅಡವಯ್ಯ.

"ಅದಿರಲಿ, ನಮ್ಮ ಮಠದ ಹಾಸು ಎಷ್ಟೆಳೆಯದು, ಅಡವಯ್ಯ?" ಎಂದರು ಗುರುಗಳು.

ಅಡವಯ್ಯ ಎದ್ದು ಹೋಗಿ, ಬಾಗಿಲ ಬಳಿಯಿದ್ದ ನಿಂಗಪ್ಪನ ಗಂಟನ್ನು ಒಳಗೆ ತಂದಿಟ್ಟ.