ಹಗ್ಗ ಮೆಟ್ಟಿದ ಬಾವಿ

ಮುಸುಕಲ್ಲು ಗುಡ್ಡದ ಕೋಟೆ ನೋಡಲು ಬರುವವರು ಎರಡನೆಯ ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಒಂದು ದೊಡ್ಡ ಬಾವಿ ಕಾಣುತ್ತದೆ. ಸುತ್ತ ಕಬ್ಬಿಣದ ಕಂಬಿ, ಪಕ್ಕದಲ್ಲಿ ಪಂಚಾಯಿತಿಯವರ ಬೋರ್ಡು. ಎಂಥ ಬಿರುಬೇಸಿಗೆಯಲ್ಲೂ ಇದರ ನೀರು ಇಳಿದದ್ದನ್ನು ನಾನು ನೋಡಿಲ್ಲ, ನಮ್ಮ ತಾತನೂ ನೋಡಿರಲಿಲ್ಲವಂತೆ. ಆದರೂ ಈ ಬಾವಿಗೆ ರಾಟೆ ಇಲ್ಲ, ಇದರೊಳಕ್ಕೆ ಒಂದು ಕೊಡವನ್ನಾದರೂ ಯಾರೂ ಇಳಿಬಿಟ್ಟಿಲ್ಲ. ಗುಡ್ಡದ ಕೆಳಗಿನ ನಮ್ಮ ಊರಿನ ಹೆಂಗಸರು ಎರಡು ಮೈಲಿ ದೂರದ ಹಳ್ಳದಿಂದ ನೀರು ಹೊತ್ತು ತಂದಾರು, ಇದನ್ನು ಮಾತ್ರ ಮುಟ್ಟರು. ಪೇಟೆಯಿಂದ ಬಂದ ಗೈಡುಗಳು ಇಲ್ಲಿ ನಿಂತು, ನೀರು ಬರಲೆಂದು ಇಲ್ಲೊಬ್ಬ ಬಸುರಿಯನ್ನು ಬಲಿ ಕೊಟ್ಟರು ಎಂದು ಕಣ್ಣರಳಿಸಿ ಹೇಳುತ್ತಾರೆ. ಬಲಿಯಂತೆ ಬಲಿ! ಅವರ ತಲೆ. ಯಾವ ಬಾವಿ ಕಂಡರೂ ಅದಕ್ಕೊಂದು ಹೆಣ್ಣನ್ನು ನೂಕಿಬಿಡುವುದು ಇವರಿಗೆ ಚಾಳಿಯಾಗಿಹೋಗಿದೆ. ಇಲ್ಲಿ ಯಾರೂ ಯಾರನ್ನೂ ಬಲಿ ಕೊಡಲಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಒಂದು ಕ್ಷಣ ಕಾಲು ಊರಿ ನಿಂತ, ಅಷ್ಟೇ. ನಾನು ನಲವತ್ತು ವರ್ಷ ಊರೂರು ತಿರುಗಿ ಕಟ್ಟಡದ ಮೇಸ್ತ್ರಿಯಾಗಿ ದುಡಿದವನು. ಕೈಕೆಳಗೆ ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವವರು ಈ ಸಂಗತಿಯನ್ನು ಸರಿಯಾಗಿ ಕೇಳಬೇಕು ಎಂಬುದು ನನ್ನ ಹಟ.

ಹಿಂದೆ ಒಮ್ಮೆ, ಈ ಕೋಟೆಯನ್ನು ನಾಯಕನೊಬ್ಬ ಆಳುತ್ತಿದ್ದ ಕಾಲದಲ್ಲಿ, ಉತ್ತರದಿಂದ ದೊಡ್ಡ ದಂಡೊಂದು ಬರುತ್ತಿದೆಯೆಂಬ ಸುದ್ದಿ ಬಂತಂತೆ. ಗೋಡೆ ಗಟ್ಟಿಯಾಗಿತ್ತು, ಕಣಜ ತುಂಬಿತ್ತು. ಇಲ್ಲದ್ದು ನೀರೊಂದೇ. ಆಗ ನಾಯಕ ಮಣ್ಣು ಕಲ್ಲಿನ ಕೆಲಸದಲ್ಲಿ ಹೆಸರಾಗಿದ್ದ ಓಬಳ ಬೋವಿಯನ್ನು ಕರೆಸಿ, ಶಿವರಾತ್ರಿಯೊಳಗೆ ಕೋಟೆಯ ಒಳಗೇ ನೀರು ತೋರಿಸಬೇಕೆಂದು ವೀಳ್ಯ ಕೊಟ್ಟ. ಓಬಳ ತನ್ನ ಜನರೊಡನೆ ಬಂದು ಗುಡಿಸಲು ಹಾಕಿದ. ಅವನ ತಂಗಿ ಪಾಲಮ್ಮ, ಅವಳ ಗಂಡ ಕಾಟಯ್ಯ ಇಬ್ಬರೂ ಆ ಗುಂಪಿನಲ್ಲಿದ್ದರು. ಕಾಟಯ್ಯನಂಥ ಬಾವಿ ತೋಡುವ ಆಳು ಆ ಸೀಮೆಯಲ್ಲೇ ಇರಲಿಲ್ಲ ಎನ್ನುತ್ತಾರೆ. ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ಮೂಸಿ, ಅದು ನಾಳೆ ಏನು ಮಾಡೀತೆಂದು ಹೇಳುತ್ತಿದ್ದನಂತೆ.

ಆ ಜನರಲ್ಲಿ ಒಂದು ಪದ್ಧತಿ ಇತ್ತು. ಬಾವಿ ಹತ್ತು ಮಾರು ಇಳಿದ ಮೇಲೆ ಕೆಳಗಿನವರ ಕೂಗು ಮೇಲಿನವರಿಗೆ ತಿಳಿಯುವುದಿಲ್ಲ, ಗೋಡೆಗೆ ಬಡಿದು ಬರೀ ಗದ್ದಲವಾಗುತ್ತದೆ. ಅದಕ್ಕೆಂದು ಮಣ್ಣೆತ್ತುವ ದಪ್ಪ ಹಗ್ಗಗಳಲ್ಲದೆ ತೆಳುವಾದ ಇನ್ನೊಂದು ಹಗ್ಗವನ್ನು ಇಳಿಬಿಡುತ್ತಿದ್ದರು. ಅದನ್ನು ಮಾತಿನ ಹಗ್ಗ ಎನ್ನುತ್ತಿದ್ದರು. ಕೆಳಗಿನಿಂದ ಒಂದು ಸಲ ಎಳೆದರೆ ಬುಟ್ಟಿ ತುಂಬಿದೆ, ಎತ್ತಿ ಎಂದು. ಎರಡು ಸಲ ಎಳೆದರೆ ಖಾಲಿ ಬುಟ್ಟಿ ಬಿಡಿ ಎಂದು. ಮೂರು ಸಲ ಎಳೆದರೆ ಎಲ್ಲವನ್ನೂ ಬಿಟ್ಟು ನಮ್ಮನ್ನು ಎತ್ತಿ ಎಂದು. ಮೇಲಿನ ತುದಿಯನ್ನು ಹಿಡಿಯುವವರು ಕೆಳಗೆ ಇಳಿದವರ ಮನೆಯವರೇ ಆಗಿರಬೇಕು. ಮೂರು ಎಳೆತ ಬಂದರೆ ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಒಂದು ಕೂಗು ಹಾಕಿದರೆ ಸಾಕು, ಉಣ್ಣುತ್ತಿದ್ದವರೂ ತುತ್ತು ಬಿಟ್ಟು ಎದ್ದು ಬಂದು ದಪ್ಪ ಹಗ್ಗಗಳಿಗೆ ಕೈ ಹಾಕಬೇಕು. ಏಕೆ, ಏನು ಎಂದು ವಿಚಾರಿಸುವುದೆಲ್ಲ ಕೆಳಗಿದ್ದವರ ತಲೆ ಮೇಲೆ ಕಂಡ ನಂತರ. ಈ ಬಾವಿಯಲ್ಲಿ ಮಾತಿನ ಹಗ್ಗ ಹಿಡಿದಿದ್ದವಳು ಪಾಲಮ್ಮ.

ಕೆಲಸ ಚೆನ್ನಾಗಿಯೇ ಸಾಗಿತ್ತು. ಆದರೆ ಒಂದೇ ಪಕ್ಷದಲ್ಲಿ ಮೂರು ಸಲ ಮೂರು ಎಳೆತ ಬಂತು. ಮೊದಲ ಸಲ ಕಲ್ಲಿನ ಸಂದಿಯಿಂದ ಚೇಳುಗಳು ಎದ್ದಿದ್ದವು. ಎರಡನೆಯ ಸಲ ಕೆಳಗೆ ಗಾಳಿ ಕೆಟ್ಟು ದೀಪ ಆರಿತ್ತು. ಮೂರನೆಯ ಸಲ ಪಡುವಣ ಗೋಡೆಯಿಂದ ಒಂದು ಬೊಗಸೆ ಹಳದಿ ಮಣ್ಣು ಉದುರಿತ್ತು, ಅಷ್ಟೇ. ಕಾಟಯ್ಯ ಮೇಲೆ ಬಂದವನೇ, “ಭಾವಾ, ಪಡುವಣ ಗೋಡೆ ಬೆವರ್ತಾ ಐತೆ. ಅದಕ್ಕೆ ಕಲ್ಲು ಕಟ್ಟಿಕೊಂಡು ಆಮೇಲೆ ಕೆಳಕ್ಕೆ ಹೋಗೋಣ” ಎಂದನಂತೆ. ಕಲ್ಲು ಕಟ್ಟುವುದೆಂದರೆ ಎಂಟು ದಿನ. ಶಿವರಾತ್ರಿಗೆ ಉಳಿದಿದ್ದದ್ದು ಹತ್ತೇ ದಿನ. ಓಬಳ, “ಬೆವರಿದರೆ ನೀರು ಹತ್ರ ಬಂತು ಅಂತ ಅರ್ಥ, ಹೋಗು” ಎಂದು ನಕ್ಕುಬಿಟ್ಟ. ಅಂದು ಸಂಜೆ ನಾಯಕ ಎಲ್ಲರೆದುರಿಗೆ, “ಏನಪ್ಪಾ ಬೋವಿ, ಹಗ್ಗ ನಿನ್ನ ಮಾತು ಕೇಳುತ್ತೋ, ನೀನು ಹಗ್ಗದ ಮಾತು ಕೇಳ್ತೀಯೋ?” ಎಂದು ಕೇಳಿದ. ಸುತ್ತ ನಿಂತಿದ್ದವರು ಗೊಳ್ಳೆಂದರು. ಓಬಳನ ಮುಖ ಕಪ್ಪಿಟ್ಟಿತು. ಅಷ್ಟು ವರ್ಷ ಎಲ್ಲರಿಂದ ಭೇಷ್ ಅನ್ನಿಸಿಕೊಂಡಿದ್ದವನಿಗೆ ಆ ನಗು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಮರುದಿನ ಬೆಳಿಗ್ಗೆ ಅವನು ತಂಗಿಯ ಕೈಯಿಂದ ಮಾತಿನ ಹಗ್ಗವನ್ನು ಬಿಡಿಸಿಕೊಂಡು, ತಾನು ನಿಲ್ಲುವ ಜಾಗದ ಬಳಿ ಒಂದು ಗೂಟ ಹೊಡೆದು ಅದಕ್ಕೆ ಕಟ್ಟಿದ. ಇನ್ನು ಮೇಲೆ ಹಗ್ಗ ಏನು ಹೇಳಿದರೂ ತನಗೇ ಹೇಳಬೇಕು, ಉಳಿದವರಿಗೆ ಯಾವುದನ್ನು ಹೇಳಬೇಕೋ ಅದನ್ನು ತಾನು ಹೇಳುವೆನೆಂದ. ಕಾಟಯ್ಯ ಸೇರಿ ಕೆಳಗೆ ಇಳಿಯುವ ಐವರಿಗೂ, ಜೀವ ಹೋಗುವ ಹಾಗಿದ್ದರೆ ಮಾತ್ರ ಮೂರು ಎಳೆಯಿರಿ, ಸುಮ್ಮಸುಮ್ಮನೆ ಅಲ್ಲ ಎಂದು ತಾಕೀತು ಮಾಡಿದ. ಪಾಲಮ್ಮ ಜಗಳವಾಡಲಿಲ್ಲ. “ಅಣ್ಣಾ, ನಿಂಗೆ ನೂರೆಂಟು ಕೆಲಸ. ಹಗ್ಗ ಹಿಡಿಯೋರಿಗೆ ಅದೊಂದೇ ಕೆಲಸ ಇರಬೇಕು” ಎಂದಷ್ಟೇ ಹೇಳಿದಳಂತೆ. ಅಂದಿನಿಂದ ಪಾಲಮ್ಮ ಮಣ್ಣು ಹೊರುವ ಹೆಂಗಸರ ಸಾಲಿಗೆ ಸೇರಿದಳು. ಪ್ರತಿ ಸಲ ಬುಟ್ಟಿ ಹೊತ್ತು ಹಿಂದಿರುಗುವಾಗಲೂ ಅವಳ ಕಣ್ಣು ಆ ಗೂಟದ ಮೇಲೆಯೇ ಇರುತ್ತಿತ್ತಂತೆ.

ಇದಾದ ಆರನೆಯ ದಿನ. ಬಾವಿ ಹದಿನೆಂಟು ಮಾರು ಇಳಿದಿತ್ತು. ಬೆಳಗಿನಿಂದ ಕೋಟೆಯ ಮೇಲೆ ಒಂದು ಹದ್ದಾಗಲಿ ಕಾಗೆಯಾಗಲಿ ಹಾರಿರಲಿಲ್ಲ ಎನ್ನುತ್ತಾರೆ. ಎತ್ತಿದ ಬುಟ್ಟಿಗಳಲ್ಲಿ ಮಣ್ಣು ಅಂಟಂಟಾಗಿ, ಮುಟ್ಟಿದರೆ ಕೈ ಜುಂ ಎನ್ನುವಷ್ಟು ತಣ್ಣಗಿತ್ತಂತೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಯಕ ಪಕ್ಕದ ಸೀಮೆಯ ರಾಯಭಾರಿಯನ್ನು ಕರೆದುಕೊಂಡು ಬಾವಿಯ ಬಳಿಗೆ ಬಂದ. ನಮಗೆ ನೀರಿನ ಚಿಂತೆಯಿಲ್ಲ ಎಂದು ಆ ಮನುಷ್ಯನಿಗೆ ತೋರಿಸಬೇಕಾಗಿತ್ತು. ಛತ್ರಿ, ಭರ್ಜಿಯವರು, ವಾದ್ಯದವರು ಎಲ್ಲ ಜೊತೆಗಿದ್ದರು. ಓಬಳ ಬರಿಗಾಲಲ್ಲಿ ಕೈಮುಗಿದು ನಿಂತ. ಅಷ್ಟರಲ್ಲಿ ಅವನ ಪಕ್ಕದ ಗೂಟ ಅಲುಗಿತು. ಮೂರು ಸಲ.

“ಏನಪ್ಪಾ ಬೋವಿ, ಎಲ್ಲ ಸುಸೂತ್ರವೋ?” ಎಂದು ನಾಯಕ ಕೇಳಿದ. ಹಗ್ಗ ಮತ್ತೆ ಜಗ್ಗಿತು. ರಾಯಭಾರಿಯ ದೃಷ್ಟಿ ಅತ್ತ ಹೊರಳುತ್ತಿದ್ದುದನ್ನು ಓಬಳ ಕಂಡ. ಅವನು ಕೆಟ್ಟವನಲ್ಲ, ನೋಡಿ. ಇವರು ಒಂದು ಗಳಿಗೆಯಲ್ಲಿ ಹೋಗುತ್ತಾರೆ, ಹೋದ ಕೂಡಲೇ ಎತ್ತಿಸಿದರಾಯಿತು, ಮತ್ತೆ ಚೇಳೋ ಏನೋ ಇರಬೇಕು ಎಂದುಕೊಂಡ. ಬಲಗಾಲನ್ನು ಸದ್ದಿಲ್ಲದೆ ಮುಂದಿಟ್ಟು ಹಗ್ಗವನ್ನು ಮೆಟ್ಟಿ ನಿಂತ. ಗೂಟ ಅಲುಗುವುದು ನಿಂತಿತು. “ಎಲ್ಲ ಸುಸೂತ್ರ, ದೊರೆ” ಎಂದ. ಎಷ್ಟು ಆಳವೆಂದು ನಾಯಕ ಕೇಳಿದ, ಹದಿನೆಂಟು ಮಾರೆಂದ. ಇನ್ನೆಷ್ಟು ದಿನವೆಂದು ಕೇಳಿದ, ನಾಲ್ಕು ದಿನವೆಂದ. ಅವನು ಒಂದೊಂದು ಉತ್ತರ ಕೊಡುವಾಗಲೂ ಅಂಗಾಲಿನ ಅಡಿಯಲ್ಲಿ ಹಗ್ಗ ಮಿಸುಕುತ್ತಿತ್ತು. ಆಮೇಲೆ ಮಿಸುಕುವುದೂ ನಿಂತಿತು. ಸದ್ಯ, ನಿಂತಿತಲ್ಲ ಎಂದು ಅವನಿಗೆ ಹಾಯೆನಿಸಿತಂತೆ. ಅಯ್ಯೋ ಶಿವನೇ, ನಾನು ಈ ಮಾತಿಗೆ ಬಂದಾಗಲೆಲ್ಲ ನನ್ನದೇ ಒಂದು ದಿನ ನೆನಪಾಗುತ್ತದೆ. ತಾರಸಿ ಹಾಕುವ ದಿನ ಮಾಲೀಕರು ಬಂದು ನಿಂತಾಗ, ಕೆಳಗೆ ಆನಿಸಿದ ಕಂಬ ವಾಲಿದೆ ಎಂದು ಹೇಳಲು ಬಂದವನನ್ನು ನಾನೂ ಕಣ್ಣಲ್ಲೇ ಗದರಿಸಿ ಕಳಿಸಿದ್ದುಂಟು. ನನ್ನ ಪುಣ್ಯ, ಕಂಬ ನಿಂತಿತು. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ.

ನಾಯಕ ಹಿಂದಿರುಗಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಬಾವಿಯ ಬಾಯಿಂದ ತಣ್ಣನೆಯ ಗಾಳಿಯೊಂದು ಉಸಿರು ಬಿಟ್ಟ ಹಾಗೆ ಮೇಲೆ ಬಂತು. ಅದರ ಹಿಂದೆ ಹಳದಿ ಧೂಳು, ಅದರ ಹಿಂದೆ ಸದ್ದು. ಪಡುವಣ ಗೋಡೆ ಇಡಿಯಾಗಿ ಕೂತುಬಿಟ್ಟಿತ್ತು. ಅದರ ಬೆನ್ನಿಗಿದ್ದ ಸೆಲೆ ಒಡೆದು ನೀರು ಗಳಗಳನೆ ಏರತೊಡಗಿತು. ಇಣುಕಿದ ರಾಯಭಾರಿ ಕಂಡದ್ದು ನೀರನ್ನು ಮಾತ್ರ. “ಗಂಗೆ ಬಂದಳು!” ಎಂದು ಅವನು ಕೂಗಿದ. ನಾಯಕ ವಾದ್ಯದವರಿಗೆ ಸನ್ನೆ ಮಾಡಿದ. ಡೋಲು, ಕಹಳೆ ಒಮ್ಮೆಲೇ ಮೊಳಗಿದವು. ಆ ಗದ್ದಲದ ನಡುವೆ ಪಾಲಮ್ಮ ತಲೆಯ ಬುಟ್ಟಿ ಎಸೆದು ಓಡಿಬಂದು, ಗೂಟದ ಹಗ್ಗವನ್ನು ಬಿಚ್ಚಿ ಎಳೆದಳು. ಹಗ್ಗ ಹಗುರವಾಗಿ ಮೇಲೆ ಬಂತು. ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕೆಳಗಿದ್ದ ಐವರಲ್ಲಿ ಒಬ್ಬನೂ ಮೇಲೆ ಬರಲಿಲ್ಲ, ಹೆಣಗಳೂ ಸಿಗಲಿಲ್ಲ.

ನಾಯಕನಿಗೆ ನೀರು ಸಿಕ್ಕಿತ್ತು. ಅವನು ಬಾವಿಗೆ ಜಯಗಂಗೆ ಎಂದು ಹೆಸರಿಟ್ಟ. ಸತ್ತವರು ಎಳೆಯಬೇಕಾದ ಹೊತ್ತಿಗೆ ಹಗ್ಗ ಎಳೆಯಲಿಲ್ಲ, ಅಜಾಗರೂಕತೆಯಿಂದ ಸತ್ತರು, ಯಾರದೂ ತಪ್ಪಲ್ಲ ಎಂದು ಸಾರಿಸಿದ. ಓಬಳ ಬಾಯಿ ಬಿಡಲಿಲ್ಲ. ಜನ ಆಡಿಕೊಳ್ಳತೊಡಗಿದರು. ಅಷ್ಟು ಹೆಸರು ಮಾಡಿದ್ದ ಕಾಟಯ್ಯ ತಾನೂ ಸತ್ತು ನಾಲ್ವರನ್ನೂ ಕೊಂದನಲ್ಲ, ಮೂರು ಸಲ ಹಗ್ಗ ಎಳೆಯಲಿಕ್ಕೆ ಏನು ಬಂದಿತ್ತು ಧಾಡಿ ಎಂದರು. ಉಳಿದ ನಾಲ್ಕು ಮನೆಯ ಹೆಂಗಸರು ಪಾಲಮ್ಮನ ಗುಡಿಸಲಿಗೆ ಬೆಂಕಿ ಕೇಳಲೂ ಬರುವುದನ್ನು ಬಿಟ್ಟರು. ಗಂಡ ಹೋದ, ಈಗ ಅವನ ಹೆಸರೂ ಹೋಗುತ್ತಿತ್ತು. ಹನ್ನೊಂದನೆಯ ದಿನ ಬಾವಿಯ ಬಳಿ ಎಡೆ ಇಟ್ಟಾಗ ಪಾಲಮ್ಮ ಎಲ್ಲರೆದುರಿಗೆ ಅಣ್ಣನ ಮುಂದೆ ಬಂದು ನಿಂತಳು. “ಅಣ್ಣಾ, ನೀನು ಅಲ್ಲೇ ಇದ್ದೆ. ಅವನು ಎಳೆದನೋ ಇಲ್ಲವೋ, ಅದೊಂದು ಹೇಳಿಬಿಡು” ಎಂದಳು. ನಾಯಕನ ಕಡೆಯವರು ಅಲ್ಲಿಯೇ ಇದ್ದರು. ಇಲ್ಲ ಎಂದರೆ ಮುಗಿದುಹೋಗುತ್ತಿತ್ತು, ಓಬಳನಿಗೆ ಕೋಟೆಯಲ್ಲಿ ಮನೆ, ಮಾನ್ಯದ ಹೊಲ ಎಲ್ಲ ಕಾದಿದ್ದವು. ಅವನು ತನ್ನ ಬಲಗಾಲನ್ನು ನೋಡಿಕೊಂಡನಂತೆ.

“ಎಳೆದ ಕಣಮ್ಮಾ. ಒಂಬತ್ತು ಸಲ ಎಳೆದ. ಒಂಬತ್ತೂ ನನ್ನ ಕಾಲಡಿಯಾಗೆ ಐತೆ.”

ಪಾಲಮ್ಮ ಅವನನ್ನು ಬೈಯಲಿಲ್ಲ, ಅಳಲೂ ಇಲ್ಲ. ಅವಳು ನಾಲ್ಕು ಮನೆಯ ಹೆಂಗಸರ ಕಡೆ ತಿರುಗಿ, “ಕೇಳಿಸ್ತಾ? ನನ್ನ ಗಂಡ ಹೇಳಿದ್ದ” ಎಂದಳು. ಆಮೇಲೆ, ಈ ಬಾವಿಗೆ ಜಯವೂ ಬೇಡ, ಗಂಗೆಯೂ ಬೇಡ, ಇಲ್ಲಿ ಏನು ನಡೆಯಿತೋ ಅದೇ ಇದಕ್ಕೆ ಹೆಸರಾಗಲಿ ಎಂದಳು. ಅಂದಿನಿಂದ ಇದು ಹಗ್ಗ ಮೆಟ್ಟಿದ ಬಾವಿ. ನಾಯಕ ಎಷ್ಟು ಸಾರಿಸಿದರೂ ಇನ್ನೊಂದು ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ದಂಡು ಬಂದು ಮುತ್ತಿದಾಗ ಬೋವಿಗಳಿರಲಿ, ಸಿಪಾಯಿಗಳೂ ಈ ನೀರನ್ನು ಕುಡಿಯಲೊಲ್ಲದೆ ಹೋದರು. ಕುಡಿಯಲು ಬಗ್ಗಿದವರಿಗೆ ಒಳಗಿನಿಂದ ಯಾರೋ ಜಗ್ಗಿದ ಹಾಗಾಗುತ್ತಿತ್ತು ಎನ್ನುತ್ತಾರೆ. ಹದಿನೇಳನೆಯ ದಿನ ಕೋಟೆಯ ಬಾಗಿಲು ದಂಡಿಗೆ ತೆರೆಯಿತು. ಓಬಳ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಾಯುವವರೆಗೂ ಅದೇ ಜಾಗದಲ್ಲಿ ಬರಿಗಾಲಲ್ಲಿ ನಿಂತು, ದಾರಿಯಲ್ಲಿ ಹೋಗುವವರನ್ನು ಕರೆದು, “ಎಳೀತಾ ಅವ್ನೆ, ಯಾರಾದ್ರೂ ಬಂದು ಎತ್ರಪ್ಪಾ” ಎನ್ನುತ್ತಿದ್ದನಂತೆ.

ಅವನು ನಿಂತಿದ್ದ ಕಡೆ ಹಾಸುಗಲ್ಲಿನ ಮೇಲೆ ಒಂದು ಬಲಗಾಲಿನಷ್ಟು ತಗ್ಗು ಇದೆ. ಈಗಲೂ ಬಂದವರು ನೋಡಬಹುದು, ಕಂಬಿಯ ಹೊರಗೇ ಇದೆ. ಮಕ್ಕಳು ಅದರಲ್ಲಿ ಕಾಲಿಟ್ಟು ಕುಣಿಯುತ್ತವೆ, ಅವಕ್ಕೆ ಏನೂ ಆಗುವುದಿಲ್ಲ. ಹೋದ ಕಾರ್ತಿಕದಲ್ಲಿ ನಗರದಿಂದ ಕಟ್ಟಡದ ಕಂಟ್ರಾಕ್ಟರೊಬ್ಬರು ಸ್ನೇಹಿತರ ಜೊತೆ ಬಂದಿದ್ದರು. ನಾನು ಈ ಸಂಗತಿಯನ್ನೆಲ್ಲ ಹೇಳಿದ ಮೇಲೆ, ಬೂಟು ಕಳಚಿ ನಗುತ್ತಾ ತಗ್ಗಿನಲ್ಲಿ ಕಾಲಿಟ್ಟು ಫೋಟೋ ತೆಗೆಯಿರಿ ಎಂದರು. ಫೋಟೋ ತೆಗೆಯುವಷ್ಟರಲ್ಲಿ ಅವರ ನಗು ನಿಂತಿತ್ತು. “ಮೇಸ್ತ್ರೀ, ಇದರ ಕೆಳಗೆ ಮೋಟಾರೇನಾದರೂ ಓಡ್ತಿದೆಯಾ?” ಎಂದು ಕೇಳಿದರು. ಇಲ್ಲಿಗೆ ಕರೆಂಟೇ ಬಂದಿಲ್ಲ ಸ್ವಾಮಿ ಎಂದೆ. ಅವರು ಗಕ್ಕನೆ ಕಾಲೆತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮ ಕಟ್ಟಡದ ಕೆಲಸದವನಿಗೆ ಫೋನು ಮಾಡಿದರು. “ಬೆಳಿಗ್ಗೆ ನೀನು ಪಾಯದ ವಿಷಯ ಏನೋ ಹೇಳೋಕೆ ಬಂದಿದ್ದೆ, ನಾನು ಆಮೇಲೆ ಅಂದೆ. ಏನದು, ಈಗ ಹೇಳು” ಎಂದರು. ಆ ಕಡೆಯವನು ಬಹಳ ಹೊತ್ತು ಹೇಳಿದ, ಇವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ, ಪಾಯದ ಒಳಗಿರುವವರನ್ನೆಲ್ಲ ಈಗಲೇ ಮೇಲಕ್ಕೆ ಕರಿ, ಅವರು ಹತ್ತುವವರೆಗೂ ನಾನು ಫೋನು ಇಡುವುದಿಲ್ಲ ಎಂದರು. ಅಷ್ಟು ಹೊತ್ತೂ ಅವರು ಬಲಗಾಲನ್ನು ನೆಲಕ್ಕೆ ಊರಲಿಲ್ಲ.